ಎತ್ತಿದ ಕೈ

ರಟ್ಟಿನ ಕೆಲಸದಲ್ಲಿ ನಾನು ಎತ್ತಿದ ಕೈ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುವವರು ಬೇರೆ ಯಾರೂ ಇಲ್ಲದ್ದರಿಂದ ನಾನೇ ಹೇಳಿಬಿಡುತ್ತೇನೆ. ಮೂವತ್ತೈದು ವರ್ಷದಿಂದ ಡಬ್ಬ ಮಾಡುತ್ತಿದ್ದೇನೆ. ಚಪ್ಪಲಿ ಡಬ್ಬ, ಬಲ್ಬಿನ ಡಬ್ಬ, ಔಷಧದ ಬಾಟಲಿ ಆರಾರು ಕೂರುವ ಡಬ್ಬ. ರಟ್ಟನ್ನು ಬೆರಳಿನಿಂದ ತಟ್ಟಿದರೆ ಸಾಕು, ಅದು ಎಷ್ಟು ಪದರದ್ದು, ಯಾವ ಕಡೆಗೆ ಮಡಿಸಿದರೆ ಬಿರಿಯುತ್ತದೆ ಎಂದು ತಿಳಿಯುತ್ತದೆ. ಮನೆಯಲ್ಲಿ ನನ್ನನ್ನು ಕತ್ತರಿ ಎಂದು ಕರೆಯುತ್ತಾರೆ. ಅದು ಕೆಲಸಕ್ಕೆ ಇಟ್ಟ ಹೆಸರಲ್ಲ. ಕೆಲಸಕ್ಕೆ ಸೇರುವ ಮುಂಚೆಯೇ ನನ್ನ ನಾಲಿಗೆಗೆ ಇಟ್ಟದ್ದು.

ಅಣ್ಣ ಫೋನ್ ಮಾಡಿ, "ಲೇಔಟ್ ಮಾಡ್ತಿದ್ದೀನಿ, ನೀನು ಬರಬೇಕು" ಅಂದ.

"ಲೇಔಟಾ? ಸೈಟ್ ಹಂಚ್ತಿದ್ದೀಯಾ? ನಂಗೊಂದು ಮೂಲೆ ಸೈಟ್ ಇಟ್ಟಿರು."

"ಆಟದ ರೈಲಿಂದು ಕಣೇ. ಹಳಿ ಎಲ್ಲಾ ಕೂರಿಸಿ ಆಯ್ತು. ಇನ್ನು ಕಟ್ಟಡಗಳು. ಮೊದಲು ರಟ್ಟಲ್ಲಿ ಮಾಡಿಟ್ಟು ನೋಡ್ಬೇಕು, ಯಾವುದು ಎಷ್ಟು ಜಾಗ ಹಿಡಿಯುತ್ತೆ, ಯಾವುದಕ್ಕೆ ಯಾವುದು ಅಡ್ಡ ಬರುತ್ತೆ ಅಂತ. ಸರಿ ಕಂಡ್ರೆ ಆಮೇಲೆ ಮರದಲ್ಲಿ ಮಾಡ್ತೀನಿ."

"ಯಾವ ಸ್ಟೇಷನ್ನು?"

"ನಮ್ದೇ" ಅಂದ.

ನಮ್ಮದು ಎನ್ನುವ ಸ್ಟೇಷನ್ನು ಈಗ ಇಲ್ಲ. ಹಳಿಯನ್ನು ಬೇರೆ ದಾರಿಗೆ ತಿರುಗಿಸಿ, ಸ್ಟೇಷನ್ನು, ಗೂಡ್ಸ್ ಶೆಡ್ಡು, ಸಿಗ್ನಲ್ ಕ್ಯಾಬಿನ್ನು, ನಾವಿದ್ದ ಕ್ವಾರ್ಟರ್ಸು ಎಲ್ಲವನ್ನೂ ಕೆಡವಿ ಇಪ್ಪತ್ತು ವರ್ಷದ ಮೇಲಾಯಿತು. ಅಪ್ಪ ಅಲ್ಲಿ ಕ್ಯಾಬಿನ್ನಿನಲ್ಲಿ ಸಿಗ್ನಲ್ ಏಳಿಸಿ ಇಳಿಸುವ ಲಿವರ್ ಎಳೆಯುವ ಕೆಲಸದಲ್ಲಿದ್ದ. ನಾವು ಮೂವರು ಮಕ್ಕಳು. ಅಣ್ಣ, ನಾನು, ಮತ್ತೆ ಬಟಾಣಿ. ಬಟಾಣಿ ಅಂದರೆ ನಮ್ಮ ತಂಗಿ. ಹುಟ್ಟಿದಾಗ ಗುಂಡಗಿದ್ದಳಂತೆ, ಅದಕ್ಕೇ ಆ ಹೆಸರು. ಆರು ವರ್ಷದವಳಿದ್ದಾಗ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಹಳಿ ದಾಟುವ ಕಾಲುದಾರಿಯಲ್ಲಿ ಗೂಡ್ಸ್ ಗಾಡಿಗೆ ಸಿಕ್ಕಿದಳು. ನನಗಾಗ ಹತ್ತು ವರ್ಷ, ಅಣ್ಣನಿಗೆ ಹದಿಮೂರು.

ಸಣ್ಣ ತರಗತಿಯವರನ್ನು ಹನ್ನೊಂದಕ್ಕೇ ಮನೆಗೆ ಬಿಡುತ್ತಿದ್ದರು. ನಮಗೆ ಸಂಜೆಯವರೆಗೂ ಶಾಲೆ. ಹಾಗಾಗಿ ಅವಳು ಒಬ್ಬಳೇ ಹಳಿ ದಾಟಿ ಬರಬೇಕಿತ್ತು. ಅಮ್ಮ ಮೊದಲು ಒಪ್ಪಿರಲಿಲ್ಲ. ಆಗ ಅಪ್ಪ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ನಂಗೆ ಕ್ಯಾಬಿನ್ನಿಂದ ಕಾಣುತ್ತೆ. ನಾನು ನೋಡ್ಕೋತೀನಿ." ಆ ಒಂದು ಮಾತಿನ ಮೇಲೆ ಅಮ್ಮ ಮಗಳನ್ನು ಒಬ್ಬಳೇ ಬಿಟ್ಟಳು. ಅವಳು ಸತ್ತ ಮೇಲೆ ತನಿಖೆಗೆ ಬಂದವರ ಮುಂದೆ ಅದೇ ಅಪ್ಪ, "ಅಲ್ಲಿಂದ ಕಾಲುದಾರಿ ಕಾಣಲ್ಲ, ಗೂಡ್ಸ್ ಶೆಡ್ಡು ಅಡ್ಡ ಬರುತ್ತೆ" ಅಂದ. ಅವರೂ ಕಿಟಕಿಯಲ್ಲಿ ನಿಂತು ನೋಡಿದರು. ಶೆಡ್ಡಿನ ಗೋಡೆ ಬಿಟ್ಟು ಏನೂ ಕಾಣಲಿಲ್ಲ. ಹಾಗೆಂದು ಬರೆದುಕೊಂಡು ಹೋದರು.

ಎರಡರಲ್ಲಿ ಒಂದು ಸುಳ್ಳು. ಕಾಣುತ್ತಿದ್ದರೆ ಅಪ್ಪ ನೋಡದೆ ಕೂತಿದ್ದ. ಕಾಣದಿದ್ದರೆ ಅಮ್ಮನಿಗೆ ಸುಮ್ಮನೆ ಮಾತು ಕೊಟ್ಟಿದ್ದ. ಅಮ್ಮ ಒಂದೇ ಒಂದು ಸಲ "ಕಾಣುತ್ತೆ ಅಂತ ನೀವೇ ಹೇಳಿದ್ದು" ಅಂದಳು. ಅಲ್ಲಿಂದಾಚೆಗೆ ಮೂವತ್ತೇಳು ವರ್ಷ, ತಾನು ಸಾಯುವವರೆಗೂ, ಅದೇ ಮನೆಯಲ್ಲಿ ಅವನಿಗೆ ಬಡಿಸಿಕೊಂಡು, ಅವನ ಅಂಗಿಗೆ ಗುಂಡಿ ಹೊಲಿದುಕೊಂಡು, ನೇರವಾಗಿ ಒಂದು ಮಾತೂ ಆಡಲಿಲ್ಲ. "ನಿಮ್ಮಪ್ಪನಿಗೆ ಊಟಕ್ಕೆ ಬರಕ್ಕೆ ಹೇಳು." "ನಿಮ್ಮಪ್ಪನ್ನ ಕೇಳು, ಕೊಡೆ ಎಲ್ಲಿಟ್ರಂತೆ." ಎಲ್ಲವೂ ನಮ್ಮ ಮೂಲಕ. ಅಣ್ಣ ಅಪ್ಪನ ಪಕ್ಷ ಹಿಡಿದ, ನಾನು ಅಮ್ಮನ ಪಕ್ಷ. ಅಮ್ಮ ಹೋಗಿ ಹನ್ನೊಂದು ವರ್ಷವಾದರೂ ನನ್ನ ಬಾಯಿಗೆ ಆ ಅಭ್ಯಾಸ ಅಂಟಿಕೊಂಡೇ ಇತ್ತು. ಅಪ್ಪ ಪಕ್ಕದಲ್ಲೇ ಕೂತಿದ್ದರೂ "ಅಪ್ಪನಿಗೆ ನೀರು ಬೇಕಾ ಕೇಳು" ಎಂದು ಅಣ್ಣನಿಗೋ ಅತ್ತಿಗೆಗೋ ಹೇಳುತ್ತಿದ್ದೆ. ನನಗೆ ಹಠ ಜಾಸ್ತಿ. ಅದೊಂದು ಅಮ್ಮನಿಂದಲೇ ಬಂದದ್ದು.

ಹಾಗಾಗಿ ಅಣ್ಣ "ನಮ್ದೇ" ಅಂದಾಗ ನನ್ನ ತಲೆಗೆ ಬಂದದ್ದು ಒಂದೇ ಯೋಚನೆ. ಕ್ಯಾಬಿನ್ನು, ಶೆಡ್ಡು, ಕಾಲುದಾರಿ ಮೂರನ್ನೂ ಸರಿಯಾದ ಅಳತೆಯಲ್ಲಿ ಮಾಡಿ, ಸರಿಯಾದ ಜಾಗದಲ್ಲಿಟ್ಟು, ಕ್ಯಾಬಿನ್ನಿನ ಕಿಟಕಿಗೆ ಕಣ್ಣಿಟ್ಟರೆ ಗೊತ್ತಾಗಿಬಿಡುತ್ತದೆ. ಯಾವುದಕ್ಕೆ ಯಾವುದು ಅಡ್ಡ ಬರುತ್ತೆ ಅಂತ ನೋಡೋದಕ್ಕೇ ಅಲ್ಲವೇ ರಟ್ಟಿನ ಮಾದರಿ?

"ಭಾನುವಾರದಿಂದ ಬರ್ತೀನಿ" ಅಂದೆ.

* * *

ಅಪ್ಪನಿಗೆ ಈಗ ಎಂಬತ್ತನಾಲ್ಕು. ಅಣ್ಣನ ಮನೆಯಲ್ಲಿ ಹಿಂದಿನ ರೂಮು ಅವನದು. ಅಣ್ಣನ ಮೇಜು ಬಂದ ಮೇಲೆ ರೂಮು ಮೇಜಿನದ್ದಾಗಿ, ಅಪ್ಪನಿಗೆ ಒಂದು ಮಂಚ, ಒಂದು ಕುರ್ಚಿ, ಕಿಟಕಿಯ ಕಡೆಗಿನ ಗೋಡೆ ಉಳಿದಿತ್ತು. ಮೇಜಿನ ಮೇಲೆ ಬಿಳಿಯ ಥರ್ಮಾಕೋಲಿನ ನೆಲ, ಅದರ ಮೇಲೆ ಎರಡು ಜೊತೆ ಹಳಿ, ಮೂಲೆಯಲ್ಲಿ ಕರೆಂಟಿನ ಡಬ್ಬಿ ಮತ್ತು ತಿರುಗಿಸುವ ಗುಂಡಿ. ಎಲ್ಲವೂ ನಿಜದ ಎಂಬತ್ತೇಳನೇ ಒಂದು ಭಾಗ.

"ಬಂದ್ಯಾ? ಇವರಿಬ್ಬರ ಆಟ ನೋಡು" ಎಂದು ಅತ್ತಿಗೆ ನನ್ನನ್ನು ಒಳಗೆ ಕರೆದುಕೊಂಡು ಹೋದರು. "ನಿಮ್ಮಣ್ಣ ಗುಂಡಿ ತಿರುಗಿಸಿದ ತಕ್ಷಣ ಮಾವ ಎರಡೂ ಕೈ ಮೇಲೆತ್ತುತ್ತಾರೆ. ಪೊಲೀಸರ ಕೈಗೆ ಸಿಕ್ಕಿಬಿದ್ದ ಕಳ್ಳನ ಹಾಗೆ!"

ಅಣ್ಣ ಗುಂಡಿ ತಿರುಗಿಸಿದ. ಸಣ್ಣ ಇಂಜಿನ್ನು ಗುಂಯ್ ಎನ್ನುತ್ತಾ ಹೊರಟಿತು. ಕುರ್ಚಿಯಲ್ಲಿದ್ದ ಅಪ್ಪನ ಎರಡೂ ಕೈ ನಿಧಾನವಾಗಿ ಮೇಲೆದ್ದವು, ಭುಜಕ್ಕಿಂತ ಮೇಲೆ, ತಲೆಗಿಂತ ಮೇಲೆ. ತೋಳು ನಡುಗುತ್ತಿತ್ತು. ಮುಖದಲ್ಲಿ ಏನೂ ಇರಲಿಲ್ಲ. ಇಂಜಿನ್ನು ಅರ್ಧ ಸುತ್ತು ಹೋಗಿ ತಾನಾಗಿಯೇ ನಿಂತಿತು. ಅಪ್ಪ ಕೈ ಇಳಿಸಿದ.

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸಿದ್ವಿ. ಭುಜದ್ದೋ, ತಲೇದೋ ಗೊತ್ತಾಗಲ್ಲ ಅಂತ ಅವರೇ ಕೈ ಎತ್ತಿಬಿಟ್ರು" ಎಂದು ಅತ್ತಿಗೆ ನಕ್ಕರು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

"ಇಂಜಿನ್ ಯಾಕೆ ನಿಂತುಬಿಡ್ತು?"

"ಅದೊಂದು ತಲೆನೋವು" ಅಂದ ಅಣ್ಣ. "ಪ್ರತಿ ಸಲ ಅಲ್ಲೇ ನಿಲ್ಲುತ್ತೆ. ಹಳಿ ಉಜ್ಜಿದೆ, ಜಾಯಿಂಟ್ ಬದಲಾಯಿಸಿದೆ, ಇಂಜಿನ್ನೇ ಬದಲಾಯಿಸಿ ನೋಡಿದೆ. ಅಲ್ಲಿ ಮಾತ್ರ ಕರೆಂಟ್ ಹಿಡಿಯಲ್ಲ."

ಅಲ್ಲಿ ಅಂದರೆ ಎಲ್ಲಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೇಜಿನ ಮೇಲೆ ಮರ, ಕಂಬ, ಸ್ಟೇಷನ್ನಿನ ಬೆಂಚು, ಬೆಂಚಿನ ಮೇಲೆ ಪೇಪರ್ ಓದುವವನು ಕೂಡ ಬಂದು ಕೂತಾಗಿತ್ತು. ಆ ಜಾಗದಲ್ಲಿ ಮಾತ್ರ ಅಣ್ಣ ಏನನ್ನೂ ಇಟ್ಟಿರಲಿಲ್ಲ. ಬಿಳಿಯ ನೆಲ ಹಾಗೇ ಇತ್ತು.

* * *

ಅಣ್ಣ ಈ ಮಾದರಿಗಳಿಗೆ ಮಾಕಪ್ ಅನ್ನುತ್ತಾನೆ. ನಾನು ಸುಳ್ಳುಮನೆ ಅಂದೆ. ಸುಳ್ಳುಮನೆಗೆ ಗೋಡೆಯ ಉದ್ದ, ಅಗಲ, ಎತ್ತರ, ಸೂರಿನ ಇಳಿಜಾರು ಇಷ್ಟು ಸರಿಯಿದ್ದರೆ ಆಯಿತು. ಬ್ಲೇಡನ್ನು ರಟ್ಟಿನ ಅರ್ಧ ದಪ್ಪಕ್ಕೆ ಎಳೆದು, ಸ್ಟೀಲ್ ಸ್ಕೇಲಿಗೆ ಒತ್ತಿ ಮಡಿಸಿ, ಒಳಗಿನಿಂದ ಪೇಪರ್ ಟೇಪು ಹಚ್ಚಿದರೆ ಒಂದು ಮನೆ ಎದ್ದು ನಿಲ್ಲುತ್ತದೆ. ಬಾಗಿಲು ಕಿಟಕಿ ಕೊರೆಯುವುದಿಲ್ಲ. ಕೊರೆದರೆ ರಟ್ಟು ಬಳುಕುತ್ತದೆ, ಹೊತ್ತೂ ದಂಡ. ಪೆನ್ಸಿಲಿನಲ್ಲಿ ಗೆರೆ ಎಳೆದು ಬಿಡುತ್ತೇವೆ, ಇಲ್ಲಿ ಬಾಗಿಲು ಅಂತ ನೆನಪಿಗೆ. ಇದು ಎಲ್ಲರೂ ಮಾಡುವ ಕ್ರಮ.

ಅಳತೆಗೆ ನಮ್ಮ ಹತ್ತಿರ ಇದ್ದದ್ದು ಒಂದು ಫೋಟೋ, ಇಬ್ಬರು ಮಕ್ಕಳ ನೆನಪು, ಮತ್ತು ಅಪ್ಪ. ಫೋಟೋದಲ್ಲಿ ಕ್ಯಾಬಿನ್ನಿನವರೆಲ್ಲ ಸಾಲಾಗಿ ನಿಂತಿದ್ದಾರೆ. ಹಿಂದೆ ಗೂಡ್ಸ್ ಶೆಡ್ಡಿನ ಗೋಡೆ, ಅದರ ನಡುವೆ ಪಕ್ಕಕ್ಕೆ ಜಾರಿಸುವ ದೊಡ್ಡ ಬಾಗಿಲು, ಮುಚ್ಚಿದ್ದು. ಅಣ್ಣ ಬಗ್ಗಿ ಅಪ್ಪನ ಕಿವಿಯ ಹತ್ತಿರ, "ಶೆಡ್ಡು ಎಷ್ಟುದ್ದ ಇತ್ತಪ್ಪಾ?" ಎಂದು ಕೇಳಿದ.

"ನಾಲ್ಕು ವ್ಯಾಗನ್" ಅಂದ ಅಪ್ಪ.

ಅಪ್ಪ ಎಲ್ಲವನ್ನೂ ವ್ಯಾಗನ್ನಿನ ಲೆಕ್ಕದಲ್ಲಿ ಹೇಳುತ್ತಿದ್ದ. ನಮ್ಮ ಹಳೆಯ ಮನೆ ಒಂದೂವರೆ ವ್ಯಾಗನ್ನು, ಅಣ್ಣನ ಮದುವೆಯ ಊಟದ ಸಾಲು ಆರು ವ್ಯಾಗನ್ನು. ಅಣ್ಣ ನಾಲ್ಕು ಆಟದ ವ್ಯಾಗನ್ನುಗಳನ್ನು ಸಾಲಾಗಿ ನಿಲ್ಲಿಸಿದ, ನಾನು ಸ್ಕೇಲು ಇಟ್ಟು ಅಳೆದೆ. ಕ್ಯಾಬಿನ್ನಿನಿಂದ ಶೆಡ್ಡಿಗೆ ಎರಡು ವ್ಯಾಗನ್ನು. ಶೆಡ್ಡಿನಿಂದ ಕಾಲುದಾರಿಗೆ ಒಂದೇ.

"ಕಾಲುದಾರಿ ಕಡೆಗೂ ಬಾಗಿಲು ಇತ್ತಾಪ್ಪಾ?"

ಅಪ್ಪ ಕಣ್ಣು ಮುಚ್ಚಿಕೊಂಡ.

"ಇತ್ತು ಬಿಡು, ಎರಡು ಕಡೆಗೂ ಇತ್ತು, ನಂಗೆ ಜ್ಞಾಪಕ ಇದೆ" ಎಂದು ನಾನು ಆ ಕಡೆಯ ಗೋಡೆಗೂ ಪೆನ್ಸಿಲಿನಲ್ಲಿ ಒಂದು ಬಾಗಿಲು ಬರೆದೆ.

ಮೂರು ಭಾನುವಾರ ಹಿಡಿಯಿತು. ಸ್ಟೇಷನ್ನು, ನೀರಿನ ಟ್ಯಾಂಕು, ಕ್ವಾರ್ಟರ್ಸಿನ ಸಾಲು. ನಮ್ಮ ಮನೆಯನ್ನು ಮಾಡುವಾಗ ಹಿಂದಿನ ಬಾಗಿಲು ಎಡಕ್ಕೋ ಬಲಕ್ಕೋ ಎಂದು ಅಣ್ಣನಿಗೂ ನನಗೂ ಜಗಳವೇ ಆಯಿತು. ಅರವತ್ತೊಂದು ವರ್ಷದವನು ಮುಖ ಊದಿಸಿಕೊಂಡು ಅಡುಗೆಮನೆಗೆ ಹೋಗಿ ಕೂತ. ಅತ್ತಿಗೆ ನಡುವೆ ಬಂದು, "ಬೆಂಕಿಪೊಟ್ಟಣದಷ್ಟು ಮನೆಗೆ ಪಾಲು ಕೇಳೋರ ಹಾಗೆ ಕಿತ್ತಾಡ್ತೀರಲ್ಲ" ಎಂದು ಗದರಿಸಬೇಕಾಯಿತು.

ಕೊನೆಗೆ ಉಳಿದದ್ದು ಕ್ಯಾಬಿನ್ನು. ಎತ್ತರದ ಕಟ್ಟೆ, ಅದರ ಮೇಲೆ ಒಂದು ಕೋಣೆ. ಅದೊಂದರ ಕಿಟಕಿಯನ್ನು ನಾನು ಬರೆಯಲಿಲ್ಲ, ಕೊರೆದೆ. ಹಿಂದಿನ ಗೋಡೆಯನ್ನು ಹಚ್ಚಲೇ ಇಲ್ಲ, ಕಣ್ಣು ಇಡಲು ಜಾಗ ಬೇಕಿತ್ತು.

"ಅದನ್ನ ಯಾಕೆ ಕೊರೆದೆ?" ಅಂದ ಅಣ್ಣ.

"ಕೈ ಜಾರ್ತು."

"ನಿನ್ನ ಕೈ ಜಾರೋದಾ?" ಅವನು ನನ್ನ ಮುಖ ನೋಡಿದ. ಅವನಿಗೂ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು ಅನ್ನಿಸುತ್ತದೆ. ಅವನು ನನ್ನನ್ನು ಕರೆದದ್ದೂ ಅದಕ್ಕೇ. ಒಂದೇ ಕೆಲಸಕ್ಕೆ ಇಬ್ಬರೂ ಕೂತಿದ್ದೆವು, ಬೇರೆ ಬೇರೆ ಉತ್ತರಕ್ಕಾಗಿ.

ನನ್ನ ಬ್ಯಾಗಿನಿಂದ ಹಳದಿ ತಲೆಯ ಗುಂಡುಸೂಜಿ ತೆಗೆದೆ. ಆರು ವರ್ಷದ ಮಗು ಆ ಲೆಕ್ಕದಲ್ಲಿ ಒಂದೂಕಾಲು ಸೆಂಟಿಮೀಟರ್ ಬರುತ್ತದೆ. ಅಷ್ಟೇ ಮೇಲೆ ಉಳಿಯುವ ಹಾಗೆ, ಅಣ್ಣ ಖಾಲಿ ಬಿಟ್ಟಿದ್ದ ಕಾಲುದಾರಿಯ ಜಾಗದಲ್ಲಿ, ಹಳಿಯ ಪಕ್ಕ ಚುಚ್ಚಿದೆ. ಅವತ್ತು ಅವಳು ಹಾಕಿಕೊಂಡಿದ್ದದ್ದು ಹಳದಿ ಫ್ರಾಕು. ನನ್ನದೇ ಹಳೆಯದು, ಅಮ್ಮ ಕೆಳಗೆ ಮಡಿಸಿ ಹೊಲಿದು ಕೊಟ್ಟಿದ್ದಳು.

ನಾನು ಮಂಡಿಯೂರಿ, ಗಲ್ಲವನ್ನು ಮೇಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಕ್ಯಾಬಿನ್ನಿನ ಕಿಟಕಿಯಿಂದ ನೋಡಿದೆ.

ಕಂಡದ್ದು ಶೆಡ್ಡಿನ ಗೋಡೆ. ಗೋಡೆಯ ಮೇಲೆ ನಾನೇ ಬರೆದ ಪೆನ್ಸಿಲ್ ಬಾಗಿಲು. ಎಡಕ್ಕೆ ಸರಿದೆ, ಬಲಕ್ಕೆ ಸರಿದೆ, ಗಲ್ಲ ಎತ್ತಿ ನೋಡಿದೆ. ಹಳದಿ ಎಲ್ಲೂ ಇಲ್ಲ.

"ಏನು?" ಅಂದ ಅಣ್ಣ.

"ಕಾಣಲ್ಲ."

ಅವನು ಕೂಡಲೇ ಅಪ್ಪನ ಮುಂದೆ ಕುಕ್ಕರಿಸಿ, ಅವನ ಮಂಡಿ ಹಿಡಿದುಕೊಂಡು, "ಅಪ್ಪಾ, ಕತ್ತರಿನೇ ನೋಡಿ ಹೇಳಿದ್ಲು. ಅಲ್ಲಿಂದ ಕಾಣಲ್ವಂತೆ. ನೀನು ಹೇಳಿದ್ದು ನಿಜ" ಅಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅಪ್ಪನ ಮುಖ ಹಗುರಾಗುತ್ತದೆ ಎಂದು ನಾನು ಕಾದೆ. ಆಗಲಿಲ್ಲ. ಅವನು ತಲೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

ನಾನು ಬ್ಲೇಡು, ಸ್ಕೇಲು ಎಲ್ಲ ಅಲ್ಲೇ ಬಿಟ್ಟು ಹೊರಟುಬಂದೆ. ಅಮ್ಮನ ಮೇಲೆ ಎಂದೂ ಬಂದಿರದ ಸಿಟ್ಟು ಬಂತು. ಮೂವತ್ತೇಳು ವರ್ಷ ಒಬ್ಬ ಮನುಷ್ಯನ ಜೊತೆ ಮಾತು ಬಿಟ್ಟು, ನನಗೂ ಬಿಡಿಸಿ, ಕೊನೆಗೆ ಕಾಣುತ್ತಿರಲಿಲ್ಲ ಅಂದರೆ? ಆಮೇಲೆ ಸತ್ತವಳ ಮೇಲೆ ಸಿಟ್ಟು ಮಾಡಿದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಬಸ್ಸಿನಲ್ಲಿ ಪಕ್ಕದವಳು ಕಾಲು ತುಳಿದಳೆಂದು ಅವಳ ಮೇಲೂ ರೇಗಿದೆ.

* * *

ಗುರುವಾರ ವರ್ಕ್‌ಶಾಪಿನಲ್ಲಿ ದೊಡ್ಡ ಪೆಟ್ಟಿಗೆಗಳ ಕೆಲಸವಿತ್ತು. ಫ್ಯಾನ್ ತುಂಬುವ ಪೆಟ್ಟಿಗೆ. ಎತ್ತಿಕೊಂಡು ಹೋಗಲು ಅದರ ಎರಡು ಬದಿಗೂ ಕೈ ಹಾಕುವ ತೂತು ಇರುತ್ತದೆ. ಅಚ್ಚಿನಲ್ಲಿ ಒತ್ತಿದ ಮೇಲೆ ಆ ತೂತಿನ ಮುಚ್ಚಳ ರಟ್ಟಿಗೇ ಅಂಟಿಕೊಂಡಿರುತ್ತದೆ, ಬೆರಳಿನಿಂದ ಒಳಕ್ಕೆ ತಳ್ಳಿ ಬಿಡಿಸಬೇಕು. ನಾನು ಈ ಬದಿಯದನ್ನು ತಳ್ಳಿದೆ, ಅಂಟು ಹಚ್ಚುವವಳು ಎದುರು ನಿಂತು ಆ ಬದಿಯದನ್ನು ತಳ್ಳಿದಳು. ನಾನು ಯಾಕೋ ಬಗ್ಗಿದೆ. ಪೆಟ್ಟಿಗೆಯ ಕತ್ತಲಿನ ಆಚೆ, ಎದುರಿನ ತೂತಿನಲ್ಲಿ ಬೆಳಕು. ಬೆಳಕಿನಲ್ಲಿ ಅವಳ ಕುಪ್ಪಸದ ಒಂದು ಚೂರು.

ನಾನು ಪೆಟ್ಟಿಗೆಯನ್ನು ಕೈಬಿಟ್ಟು ನೆಟ್ಟಗೆ ನಿಂತೆ.

"ಏನಕ್ಕಾ, ದೆವ್ವ ಕಂಡ ಹಾಗೆ ನಿಂತುಬಿಟ್ರಿ?" ಅಂದಳು ಅವಳು.

ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಗೂಡ್ಸ್ ಶೆಡ್ಡು ಕೆಲಸದ ದಿನ ಮುಚ್ಚಿರುತ್ತದೆಯೇ? ಮೂಟೆ ಒಂದು ಕಡೆಯಿಂದ ಒಳಗೆ ಬರಬೇಕು, ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು. ಎರಡೂ ಬಾಗಿಲು ಹಾರುಹೊಡೆದಿರುತ್ತವೆ. ತನಿಖೆಯವರು ಬಂದ ದಿನ ಶೆಡ್ಡಿಗೆ ರಜಾ ಕೊಟ್ಟಿದ್ದರು. ಫೋಟೋ ತೆಗೆದದ್ದೂ ರಜಾ ದಿನ, ಇಲ್ಲದಿದ್ದರೆ ಕ್ಯಾಬಿನ್ನಿನವರೆಲ್ಲ ಒಟ್ಟಿಗೆ ಎಲ್ಲಿ ಸಿಗುತ್ತಾರೆ? ನಾನು ಮಾತ್ರ, ಎತ್ತಿದ ಕೈ ಅನ್ನಿಸಿಕೊಂಡವಳು, ಕ್ರಮ ಬಿಡಬಾರದು ಅಂತ ಪೆನ್ಸಿಲಿನಲ್ಲಿ ಬಾಗಿಲು ಬರೆದು, ಆ ಗೆರೆಯನ್ನು ಗೋಡೆ ಎಂದು ನಂಬಿ ಎದ್ದುಬಂದಿದ್ದೆ.

ಊಟದ ಡಬ್ಬಿಯನ್ನೂ ತೆರೆಯದೆ ಅಣ್ಣನ ಮನೆಗೆ ಹೋದೆ.

* * *

ಬಾಗಿಲು ತೆರೆದ ಅತ್ತಿಗೆ, "ಇವತ್ತು ಭಾನುವಾರ ಅಲ್ವಲ್ಲೇ" ಅಂದರು. ನಾನು ಸೀದಾ ಹಿಂದಿನ ರೂಮಿಗೆ ಹೋದೆ. ಅಣ್ಣ ಹಳಿಯ ಆ ಜಾಗವನ್ನು ಮತ್ತೆ ಉಜ್ಜುತ್ತಾ ಕೂತಿದ್ದ. ಅಪ್ಪ ಕುರ್ಚಿಯಲ್ಲಿದ್ದ. ಬಿಸಿಲು ಮೇಜಿನ ಮೇಲೆ ಅಡ್ಡವಾಗಿ ಬಿದ್ದಿತ್ತು. ಹಳದಿ ಗುಂಡುಸೂಜಿಯನ್ನು ಯಾರೂ ಕಿತ್ತಿರಲಿಲ್ಲ.

ನಾನು ಶೆಡ್ಡನ್ನು ಎತ್ತಿಕೊಂಡು ಬ್ಲೇಡು ಹಿಡಿದೆ.

"ಏನ್ ಮಾಡ್ತಿದ್ದೀಯಾ?"

"ಬಾಗಿಲು ತೆಗೀತಿದ್ದೀನಿ."

"ಬೇಡ ಬಿಡೇ" ಅಂದ ಅಣ್ಣ. ತಡೆಯಲು ಏಳಲಿಲ್ಲ. "ಒಂದ್ಸಲ ನೋಡಿ ಆಯ್ತಲ್ಲ. ನಿನ್ನ ಬಾಯಲ್ಲೇ ಕಾಣಲ್ಲ ಅಂದೆಯಲ್ಲ."

"ಬಾಗಿಲು ಹಾಕಿಟ್ಟು ನೋಡಿದ್ರೆ ಏನ್ ಕಾಣುತ್ತೆ?"

ಈ ಕಡೆಯ ಬಾಗಿಲು ಮೂರು ಗೀಟಿಗೆ ಬಿಡಿಸಿಕೊಂಡಿತು. ಆ ಕಡೆಯದರಲ್ಲಿ ಬ್ಲೇಡು ಜಾರಿತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ನನ್ನ ಬೆರಳನ್ನು ನಾನೇ ಕೊಯ್ದುಕೊಂಡೆ. ಶೆಡ್ಡನ್ನು ಗುರುತಿನ ಮೇಲೆ ಇಟ್ಟು, ಮಂಡಿಯೂರಿ, ಗಲ್ಲವನ್ನು ಮೇಜಿಗೆ ಒತ್ತಿದೆ.

ಕಿಟಕಿ. ಕಿಟಕಿಯ ಆಚೆ ಬಾಗಿಲು. ಬಾಗಿಲಿನ ಒಳಗೆ ಕತ್ತಲೆ, ಕತ್ತಲೆಯ ಆಚೆ ಇನ್ನೊಂದು ಬಾಗಿಲು, ಅದರ ತುಂಬ ಬಿಸಿಲು. ಬಿಸಿಲಿನ ನಟ್ಟನಡುವೆ ಹಳದಿ. ಚೌಕಟ್ಟು ಹಾಕಿಸಿದ ಹಾಗೆ ಅವಳು ಅಲ್ಲಿ ನಿಂತಿದ್ದಳು. ಸೂಜಿ ಅಂತ ನನಗೆ ಗೊತ್ತು. ಆದರೂ ಉಸಿರು ಬಿಟ್ಟರೆ ಓಡಿಹೋಗುತ್ತಾಳೆ ಎಂದು ಹೆದರಿಕೆಯಾಗಿ ಉಸಿರು ಹಿಡಿದುಕೊಂಡಿದ್ದೆ.

ಎದ್ದು ನಿಂತೆ. ಅಮ್ಮ ಗೆದ್ದಿದ್ದಳು. ಗೆದ್ದ ಖುಷಿ ಮಾತ್ರ ಎಲ್ಲೂ ಸಿಗಲಿಲ್ಲ. ಅಪ್ಪನ ಕಡೆ ನೋಡದೆ, ಅಣ್ಣನಿಗೆ, "ಅಪ್ಪನಿಗೆ ಹೇಳು. ಕಾಣುತ್ತೆ ಅಂತ" ಅಂದೆ.

ಅಣ್ಣ ತಲೆ ತಗ್ಗಿಸಿದ. ಬಾಗಿಲಲ್ಲಿ ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುವುದನ್ನು ಮರೆತು ನಿಂತಿದ್ದರು.

"ಕಾಣುತ್ತಿತ್ತು" ಅಂದ ಅಪ್ಪ.

ವ್ಯಾಗನ್ನಿನ ಲೆಕ್ಕ ಹೇಳಿದ್ದು ಬಿಟ್ಟರೆ ಎಷ್ಟೋ ತಿಂಗಳಿಂದ ಅವನ ಬಾಯಿಂದ ಮಾತು ಬಂದಿರಲಿಲ್ಲ. ದನಿ ತುಕ್ಕು ಹಿಡಿದಿತ್ತು.

"ಎರಡು ಬಾಗಿಲ ನಡುವೆ. ಅಲ್ಲೊಂದು ಬಿಳೀ ಕಲ್ಲಿತ್ತು. ಅದರ ಮೇಲೆ ನಿಂತರೆ ಅಪ್ಪ ಕಾಣ್ತಾನೆ ಅಂತ ಅವಳೇ ಕಂಡುಹಿಡಿದಿದ್ದು. ದಿನಾ ಬಂದು ನಿಲ್ಲೋಳು. ನಾನು ಒಂದು ಕೈ ಎತ್ತಿದ್ರೆ, ಬಾ. ಎರಡೂ ಕೈ ಎತ್ತಿದ್ರೆ, ನಿಲ್ಲು, ಗಾಡಿ ಬರ್ತಿದೆ. ನಾವಿಬ್ಬರೇ ಮಾಡ್ಕೊಂಡಿದ್ದು. ನಿಮ್ಮಮ್ಮನಿಗೂ ಹೇಳಿರಲಿಲ್ಲ."

"ಅಪ್ಪಾ, ಸಾಕು" ಅಂದ ಅಣ್ಣ.

"ಅವತ್ತು ಗೂಡ್ಸು ಬರ್ತಿತ್ತು. ಮುಂದಿನ ಸಿಗ್ನಲ್ಲಿಗೆ ಲಿವರ್ ಎಳೀತಿದ್ದೆ. ಭಾರದ ಲಿವರ್ರು, ಅರ್ಧದಲ್ಲಿ ಬಿಟ್ರೆ ಹಿಂದಕ್ಕೆ ಹೊಡೆಯುತ್ತೆ. ತಿರುಗಿ ನೋಡ್ತೀನಿ, ಕಲ್ಲ ಮೇಲೆ ನಿಂತಿದ್ದಾಳೆ. ನಿಲ್ಲು ಅಂತ ಕೈ ಎತ್ತಿದೆ."

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಅದು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು.

"ಒಂದೇ ಕೈ ಎದ್ದಿತು. ಇದು ಲಿವರ್ ಬಿಡಲಿಲ್ಲ. ಬಿಡಬಹುದಿತ್ತು. ಹೊಡೆದ್ರೆ ಹೊಡೀಲಿ ಅಂತ ಬಿಡಬಹುದಿತ್ತು. ಹದಿನಾಲ್ಕು ವರ್ಷದ ಅಭ್ಯಾಸ, ಕೈ ಬಿಡಲಿಲ್ಲ. ಒಂದು ಕೈ ಅಂದ್ರೆ ಬಾ. ಅವಳು ನಕ್ಕಳು. ಬಂದಳು."

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಕಾಣಲಿಲ್ಲ ಅಂದೆ. ಕಂಡಿತು ಅಂದಿದ್ರೆ, ಕರೆದೆ ಅಂತಾನೂ ಹೇಳಬೇಕಿತ್ತು. ನಿಮ್ಮಮ್ಮನಿಗೆ ಹೇಗೆ ಹೇಳಲಿ? ಅವಳು ಬಾಯಿ ಬಿಟ್ಟು ಒಂದ್ಸಲ ಕೇಳಿದ್ರೆ ಹೇಳ್ತಿದ್ದೆನೋ ಏನೋ. ಅವಳು ಕೇಳಲಿಲ್ಲ."

ಅವಳು ಕೇಳಲಿಲ್ಲ. ಕೇಳಬೇಕಾದದ್ದನ್ನೆಲ್ಲ ನಮ್ಮ ಬಾಯಿಂದ ಕೇಳಿಸಿದಳು, ಕೊಡೆ ಎಲ್ಲಿ, ಊಟ ಯಾವಾಗ. ಈ ಒಂದನ್ನು ಮಕ್ಕಳ ಬಾಯಲ್ಲಿ ಕೇಳಿಸಲು ಅವಳಿಗೆ ಮನಸ್ಸು ಬಂದಿರಲಾರದು. ನಾನಾದರೂ ಕೇಳಬಹುದಿತ್ತು. ಹನ್ನೊಂದು ವರ್ಷ ಇದೇ ರೂಮಿಗೆ ಬಂದು ಹೋಗಿದ್ದೇನೆ. ಇದೇ ಕುರ್ಚಿಯಲ್ಲಿ ಇವನು ಎರಡೂ ಕೈ ಎತ್ತಿದ್ದನ್ನು ಕಂಡು ನಾನು ಹಲ್ಲುಬಿಟ್ಟು ನಕ್ಕಿದ್ದೇನೆ.

ಬೆರಳಿನ ರಕ್ತ ಶೆಡ್ಡಿನ ಸೂರಿಗೆ ತಾಗಿತ್ತು. ನಾನು ಮೇಜನ್ನು ಸುತ್ತಿಕೊಂಡು ಕಾಲುದಾರಿಯ ಕಡೆಗೆ ಹೋದೆ. ಯಾಕೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅಲ್ಲಿ ಕುಕ್ಕರಿಸಿ, ಗುಂಡುಸೂಜಿಯ ಪಕ್ಕಕ್ಕೆ, ಅದರ ತಲೆಯ ಎತ್ತರಕ್ಕೆ ನನ್ನ ಕಣ್ಣನ್ನು ಇಳಿಸಿದೆ. ಹತ್ತು ವರ್ಷದವಳಿದ್ದಾಗಿನಿಂದ ಆ ಕ್ಯಾಬಿನ್ನಿನಿಂದ ಕಾಲುದಾರಿಯನ್ನು ನೋಡುವುದು ಹೇಗೆ ಎಂದೇ ಯೋಚಿಸಿದ್ದೆ. ಕಾಲುದಾರಿಯಿಂದ ಕ್ಯಾಬಿನ್ನನ್ನು ನೋಡುವುದು ಹೇಗೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಬಾಗಿಲು. ಕತ್ತಲೆ. ಬಾಗಿಲು. ಅದರಾಚೆ ರಟ್ಟಿನ ಕ್ಯಾಬಿನ್ನು, ನಾನು ಕೊರೆದ ಕಿಟಕಿ. ಹಿಂದಿನ ಗೋಡೆ ಹಚ್ಚಿರಲಿಲ್ಲವಾದ್ದರಿಂದ ಕಿಟಕಿಯ ಆಚೆಗೆ ಕುರ್ಚಿಯಲ್ಲಿ ಕೂತ ಅಪ್ಪನೇ ಕಂಡ. ಕಿಟಕಿಯ ತುಂಬ ಅವನು.

ಎದ್ದು ನಿಲ್ಲಲು ಹೋದ ಅಣ್ಣನ ಮೊಣಕೈ ಗುಂಡಿಗೆ ತಗುಲಿತೋ, ಅವನೇ ತಿರುಗಿಸಿದನೋ, ನಾನು ಇವತ್ತಿಗೂ ಕೇಳಿಲ್ಲ. ನನ್ನ ಎಡಗಿವಿಯ ಹತ್ತಿರ ಹಳಿ ಗುಂಯ್ ಎಂದಿತು. ಇಂಜಿನ್ನು ಬರುತ್ತಿತ್ತು.

ಕಿಟಕಿಯಲ್ಲಿ ಅಪ್ಪನ ಕಣ್ಣು ದೊಡ್ಡದಾಯಿತು. ಕೈ ಎದ್ದವು. ಮೊದಲು ಎಡಗೈ. ಆಮೇಲೆ, ಕುರ್ಚಿಯ ತೋಳಿನಿಂದ ಒಂದೊಂದೇ ಬೆರಳು ಬಿಡಿಸಿಕೊಂಡು, ಬಲಗೈ. ಎರಡೂ ತಲೆಯ ಮೇಲಕ್ಕೆ ಹೋಗಿ ಕಿಟಕಿಯ ಚೌಕಟ್ಟು ಮುಟ್ಟಿದವು.

"ಅಪ್ಪನಿಗೆ ಹೇಳು" ಎಂದು ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು. ಮುಚ್ಚಿಕೊಂಡೆ.

"ನಿಂತಿದ್ದೀನಿ ಅಪ್ಪ" ಅಂದೆ. "ಎರಡೂ ಕೈ ಕಾಣ್ತಿದೆ. ನಾನು ನಿಂತಿದ್ದೀನಿ."

ಇಂಜಿನ್ನು ನನ್ನ ಮುಖದ ಮುಂದೆ, ನಿಲ್ಲದೆ, ದಾಟಿ ಹೋಯಿತು. ಅಪ್ಪನ ಕೈ ಕೆಳಗಿಳಿಯಲು ತುಂಬಾ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ಅಲ್ಲಿಂದ ಏಳಲಿಲ್ಲ.